ಅಟ್ಟದಿಂದ ಇಳಿಸಿದ ಆಟದ ರೈಲಿಗೆ ಯಾವ ಹಳಿ: ಹಳೆಯದೇ, ಹೊಸದೇ, ಎರಡನ್ನೂ ಬೆಸೆದದ್ದೇ?

ಗೇಜಿನ, ಅಂದರೆ ಹಳಿಯ ಅಗಲದ, ತಾಪತ್ರಯ ಬೆಂಗಳೂರಿಗೆ ಹೊಸದಲ್ಲ. ಸಿಟಿ ನಿಲ್ದಾಣದಲ್ಲಿ 1676 ಮಿ.ಮೀ. ಬ್ರಾಡ್‌ಗೇಜ್ ಮತ್ತು 1000 ಮಿ.ಮೀ. ಮೀಟರ್‌ಗೇಜ್ ಹಳಿಗಳು ದಶಕಗಳ ಕಾಲ ಅಕ್ಕಪಕ್ಕದಲ್ಲಿದ್ದವು. ಮದರಾಸಿನಿಂದ ಬಂದವರು ಮೈಸೂರಿಗೆ ಹೋಗಬೇಕಾದರೆ ಗಂಟುಮೂಟೆ ಇಳಿಸಿಕೊಂಡು ಇನ್ನೊಂದು ಗಾಡಿ ಹತ್ತಬೇಕಿತ್ತು. ಅಲ್ಲಿ ಗೇಜು ಬೇರೆಯಾದದ್ದೇ ತೊಂದರೆ. ಆಟದ ರೈಲಿನಲ್ಲಿ ಗೇಜು ಒಂದೇ ಇದ್ದರೂ ತೊಂದರೆ ತಪ್ಪುವುದಿಲ್ಲ. ಟ್ರೈಯಾಂಗ್, ಹಾರ್ನ್‌ಬಿ ಡಬ್ಲೊ, ಮರ್ಕ್ಲಿನ್, ಪೀಕೊ ಎಂಬ ಆಟದ ರೈಲಿನ ಈ ನಾಲ್ಕು ಬ್ರ್ಯಾಂಡ್‌ಗಳದ್ದೂ 16.5 ಮಿ.ಮೀ. ಗೇಜೇ. ಆದರೂ ಒಂದರ ಎಂಜಿನ್ ಇನ್ನೊಂದರ ಹಳಿಯ ಮೇಲೆ ಹಾರುತ್ತದೆ, ನಿಲ್ಲುತ್ತದೆ, ಇಲ್ಲವೇ ಇಟ್ಟ ಕೂಡಲೇ ಶಾರ್ಟ್ ಆಗುತ್ತದೆ.

ಅಂಗಡಿಗೆ ಹೋಗಿ ಯಾವ ಹಳಿ ಒಳ್ಳೆಯದು ಎಂದು ಕೇಳುವುದಕ್ಕಿಂತ ಮೊದಲು ಗಾಲಿಯನ್ನು ತಿರುವಿ ನೋಡಬೇಕು. ಹಳಿಯನ್ನು ಬದಲಿಸಬಹುದು. ಐವತ್ತು ಅರವತ್ತು ವರ್ಷದ ಎಂಜಿನ್ನಿನ ಗಾಲಿಯನ್ನು ಹಾಳುಮಾಡದೆ ಬದಲಿಸುವುದು ಬಹಳ ಕಷ್ಟ. ಹಾಗಾಗಿ ಯಾವ ಹಳಿ ಎಂಬುದನ್ನು ಗಾಲಿಯೇ ಹೇಳಲಿ.

ಮೊದಲು ಅಳೆಯಿರಿ

ಒಂದು ವರ್ನಿಯರ್ ಕ್ಯಾಲಿಪರ್, ಒಂದು ಮಲ್ಟಿಮೀಟರ್, ಒಂದು ಸಣ್ಣ ಅಯಸ್ಕಾಂತ ಇದ್ದರೆ ಸಾಕು. ಮೂರೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ.

ಎರಡು ಕಂಬಿಗಳ ಒಳಮೈಗಳ ನಡುವಿನ ಅಂತರವೇ ಗೇಜು. 16.5 ಮಿ.ಮೀ. ಬಂದರೆ ಓಓ ಅಥವಾ ಎಚ್‌ಓ, 32ರ ಆಸುಪಾಸು ಬಂದರೆ ಓ ಗೇಜ್, 12 ಬಂದರೆ ಟಿಟಿ, 9 ಬಂದರೆ ಎನ್. ಓಓ ಎಂದರೆ 1:76 ಅಳತೆ, ಎಚ್‌ಓ ಎಂದರೆ 1:87. ಬೋಗಿಯ ಗಾತ್ರ ಬೇರೆ, ಹಳಿಯ ಅಗಲ ಒಂದೇ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ಹಳಿ ಹೊಂದುವುದಿಲ್ಲ ಎಂದು ಕೈಬಿಡಬೇಡಿ.

ನಂತರ ಕಂಬಿಯ ಎತ್ತರ. ಕೋಡ್ 100 ಎಂದರೆ 0.100 ಇಂಚು, ಅಂದರೆ 2.54 ಮಿ.ಮೀ. ಕೋಡ್ 75 ಎಂದರೆ 1.9 ಮಿ.ಮೀ. ಗಾಲಿಯ ಒಳಬದಿಯಲ್ಲಿ ಉಬ್ಬಿರುವ ಅಂಚು, ಅಂದರೆ ಫ್ಲೇಂಜ್, ಕಂಬಿಯ ಎತ್ತರಕ್ಕಿಂತ ಕಡಿಮೆ ಇದ್ದರಷ್ಟೇ ಸಾಲದು. ಕಂಬಿಯನ್ನು ಸ್ಲೀಪರಿಗೆ ಹಿಡಿದಿಡುವ ಪ್ಲಾಸ್ಟಿಕ್ ಮೊಗ್ಗುಗಳು ಒಳಬದಿಯಲ್ಲೂ ಇರುತ್ತವೆ. ಹಳೆಯ ಆಳವಾದ ಫ್ಲೇಂಜ್ ಕೋಡ್ 75 ಹಳಿಯಲ್ಲಿ ಆ ಮೊಗ್ಗುಗಳ ಮೇಲೆ ಟಕಟಕ ಎಂದು ಓಡುತ್ತದೆ. ಆ ಸದ್ದು ಕೇಳಿದರೆ ಗಾಲಿ ಕಂಬಿಯನ್ನು ಬಿಟ್ಟು ಮೇಲೆದ್ದಿದೆ ಎಂದೇ ಅರ್ಥ. ಕರೆಂಟೂ ಅಲ್ಲೇ ತಪ್ಪುತ್ತದೆ.

ಮೂರನೆಯದು ಒಂದೇ ಅಚ್ಚಿಗೆ (ಆಕ್ಸಲ್‌ಗೆ) ಕೂರಿಸಿದ ಎರಡು ಗಾಲಿಗಳ ಒಳಮುಖಗಳ ನಡುವಿನ ಅಂತರ. ಹೆಚ್ಚಿನವರು ಬಿಟ್ಟುಬಿಡುವ ಅಳತೆ ಇದು, ಹೆಚ್ಚು ತೊಂದರೆ ಕೊಡುವುದೂ ಇದೇ. ಈಗಿನ ಓಓ ಗಾಲಿಗಳಲ್ಲಿ ಇದು 14.4ರಿಂದ 14.5 ಮಿ.ಮೀ. ಇರುತ್ತದೆ. ಹಳೆಯ ಗಾಲಿಗಳಲ್ಲಿ 14ಕ್ಕಿಂತ ಕಡಿಮೆ ಕಂಡರೆ ಆಶ್ಚರ್ಯಪಡಬೇಡಿ. ನೇರ ಹಳಿಯಲ್ಲಿ ಇದರಿಂದ ಏನೂ ಆಗದು. ಪಾಯಿಂಟಿನ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡಿನ, ಬಳಿ ಮುಖ್ಯ ಕಂಬಿಯ ಪಕ್ಕದಲ್ಲಿ ಕಾವಲು ಕಂಬಿಯೊಂದು ಇರುತ್ತದಲ್ಲ, ಗಾಲಿಗಳು ತೀರಾ ಹತ್ತಿರವಿದ್ದರೆ ಅದಕ್ಕೆ ಸಿಕ್ಕಿಕೊಂಡು ಮೇಲಕ್ಕೇಳುತ್ತವೆ. "ಪಾಯಿಂಟ್ ಕೆಟ್ಟಿದೆ" ಎಂದು ಹೊಸದನ್ನು ತಂದು ಹಾಕಿದರೂ ರೈಲು ಅದೇ ಜಾಗದಲ್ಲಿ ಬೀಳುವುದು ಇದರಿಂದಲೇ.

ನಾಲ್ಕನೆಯದು ವಿದ್ಯುತ್ತು. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಕಡ್ಡಿ ಮುಟ್ಟಿಸಿ. ಬೀಪ್ ಬಂದರೆ ಅದು ಮೂರು ಕಂಬಿಯ, ಅಂದರೆ ನಡುವೆ ಕರೆಂಟಿಗೆಂದೇ ಇನ್ನೊಂದು ಕಂಬಿ ಇರುವ, ಹಳಿಗೆ ಮಾಡಿದ ಗಾಲಿ. ಎರಡು ಕಂಬಿಯ ಹಳಿಯ ಮೇಲೆ ಇಟ್ಟರೆ ಶಾರ್ಟ್ ಖಂಡಿತ. ಬೀಪ್ ಬಾರದಿದ್ದರೆ ಎರಡು ಕಂಬಿಯದು. ಪ್ಲಾಸ್ಟಿಕ್ ಗಾಲಿಯ ವ್ಯಾಗನ್ ಎರಡರ ಮೇಲೂ ಓಡುತ್ತದೆ. ಎಂಜಿನ್ನಿನ ಹೊಟ್ಟೆಯ ಅಡಿ ನೋಡಿದರೂ ಗೊತ್ತಾಗುತ್ತದೆ. ನಡುವೆ ಚಮಚದಂಥ ತಗಡಿದ್ದರೆ ಡಬ್ಲೊ, ಉದ್ದನೆಯ ಜಾರುಪಟ್ಟಿ ಇದ್ದರೆ ಮರ್ಕ್ಲಿನ್, ಉರುಳುವ ರೋಲರ್ ಇದ್ದರೆ ಅಮೆರಿಕದ ಲಯನೆಲ್.

ಟ್ರೈಯಾಂಗ್: ಆಯ್ಕೆ ಹೆಚ್ಚು, ಎಡವುವ ಜಾಗವೂ ಹೆಚ್ಚು

ಬೆಂಗಳೂರಿನ ಮನೆಗಳ ಅಟ್ಟದಲ್ಲಿ ಇಂಗ್ಲೆಂಡಿನ ಸೆಟ್ ಇದ್ದರೆ ಅದು ಟ್ರೈಯಾಂಗ್ ಆಗಿರುವ ಸಾಧ್ಯತೆ ದೊಡ್ಡದು. ಇವರ ಹಳಿ ಒಂದೇ ಬಗೆಯದಲ್ಲ. ಆರಂಭದ ಸ್ಟ್ಯಾಂಡರ್ಡ್ ಹಳಿ ಬೂದು ಬಣ್ಣದ ಅಗಲವಾದ ಪ್ಲಾಸ್ಟಿಕ್ ದಿಬ್ಬದ ಮೇಲಿತ್ತು. ಆಮೇಲೆ ಸೀರೀಸ್ 3 ಬಂತು. 1962ರಲ್ಲಿ ಸೂಪರ್ 4, 1970ರ ಆಸುಪಾಸಿನಲ್ಲಿ ಸಿಸ್ಟಮ್ 6. ಈ ಕೊನೆಯದು ಕೋಡ್ 100 ಆದ್ದರಿಂದ ಇಂದಿನ ಹಾರ್ನ್‌ಬಿ ಮತ್ತು ಪೀಕೊ ಹಳಿಗೆ ನೇರವಾಗಿ ಕೂಡುತ್ತದೆ. ಅದಕ್ಕಿಂತ ಹಿಂದಿನ ಯಾವುದೂ ಕೂಡುವುದಿಲ್ಲ. ಸೂಪರ್ 4ರ ಕಂಬಿ ಎತ್ತರವೂ ಹೌದು, ತಲೆ ದಪ್ಪವೂ ಹೌದು. ಕಂಬಿಗೆ ಕಂಬಿ ಕೂಡಿಸುವ ಈಗಿನ ಜಾಯಿನರ್ ಅದಕ್ಕೆ ಹತ್ತುವುದಿಲ್ಲ.

ಇಲ್ಲಿ ಮೂರು ದಾರಿಗಳಿವೆ.

ಸೂಪರ್ 4ರಲ್ಲೇ ಉಳಿಯುವುದು ಮೊದಲನೆಯದು. ಪೂರ್ತಿ ಸುತ್ತಿಗೆ ಸಾಲುವಷ್ಟು ಹಳಿ, ಎರಡು ಮೂರು ಪಾಯಿಂಟ್ ನಿಮ್ಮಲ್ಲಿದ್ದರೆ ಇದೇ ಒಳ್ಳೆಯದು. ಹಳೆಯ ಗಾಲಿಗೆ ಹಳೆಯ ಪಾಯಿಂಟಿನ ಅಗಲವಾದ ಸಂದು ಸರಿಯಾಗಿ ಹೊಂದುತ್ತದೆ. ಇನ್ನೊಂದು ಕಾರಣವೂ ಇದೆ. 1960ರ ದಶಕದಲ್ಲಿ ಟ್ರೈಯಾಂಗ್ ತನ್ನ ಕೆಲವು ಎಂಜಿನ್‌ಗಳಿಗೆ ಮ್ಯಾಗ್ನಡ್ಹೀಷನ್ ಎಂಬ ಅಯಸ್ಕಾಂತದ ಹಿಡಿತ ಕೊಟ್ಟಿತ್ತು. ಅದು ಉಕ್ಕಿನ ಕಂಬಿಯನ್ನು ಎಳೆದು ಹಿಡಿಯುತ್ತದೆ. ಹೊಸ ಹಳಿಯ ನಿಕಲ್ ಸಿಲ್ವರ್ ಕಂಬಿಯ ಮೇಲೆ ಆ ಹಿಡಿತ ಸೊನ್ನೆ. ಹಳೆಯ ಹಳಿಯಲ್ಲಿ ಆರು ಬೋಗಿ ಎಳೆಯುತ್ತಿದ್ದ ಎಂಜಿನ್ ಹೊಸ ಹಳಿಯಲ್ಲಿ ನಾಲ್ಕಕ್ಕೇ ಗಾಲಿ ಸುತ್ತಿಸುತ್ತಾ ನಿಂತರೆ ಮೋಟಾರನ್ನು ಬಿಚ್ಚಬೇಡಿ, ಕಂಬಿಗೆ ಅಯಸ್ಕಾಂತ ಹಿಡಿದು ನೋಡಿ. ಉಕ್ಕಿನ ಹಳಿಯ ಕೊರತೆ ಎಂದರೆ ತುಕ್ಕು. ಜೂನಿನಿಂದ ಅಕ್ಟೋಬರ್‌ವರೆಗೆ ನಮ್ಮ ಊರಿನ ತೇವಕ್ಕೆ ಎರಡು ವಾರ ಮುಟ್ಟದೆ ಬಿಟ್ಟರೂ ಕಂಬಿಯ ಮೇಲೆ ಕಂದು ಪುಡಿ ಬರುತ್ತದೆ.

ಪೂರ್ತಿ ಕೋಡ್ 100ಕ್ಕೆ ಹೋಗುವುದು ಎರಡನೆಯದು. ನಿಮ್ಮಲ್ಲಿ ಹಳೆಯದರ ಜೊತೆ ಹೊಸ ಎಂಜಿನ್‌ಗಳೂ ಇದ್ದರೆ ನಮ್ಮ ಮತ ಇದಕ್ಕೆ. ಸೆಟ್‌ಟ್ರ್ಯಾಕ್ ಮತ್ತು ಸ್ಟ್ರೀಮ್‌ಲೈನ್ ಎಂಬ ಎರಡು ಬಗೆಯ ಪೀಕೊ ಹಳಿಗಳನ್ನು ಮಾತ್ರ ಯೋಚಿಸದೆ ಬೆರೆಸಬೇಡಿ. ಜಾಯಿನರ್ ಒಂದೇ, ಕಂಬಿ ಒಂದೇ, ಆದರೆ ಲೆಕ್ಕ ಬೇರೆ. ಸೆಟ್‌ಟ್ರ್ಯಾಕಿನಲ್ಲಿ ಜೋಡಿ ಹಳಿಗಳ ನಡುವಿನ ಅಂತರ 67 ಮಿ.ಮೀ., ಸ್ಟ್ರೀಮ್‌ಲೈನಿನಲ್ಲಿ 50 ಮಿ.ಮೀ. ಒಂದು ಕಡೆ ಇದರ ಪಾಯಿಂಟ್, ಇನ್ನೊಂದು ಕಡೆ ಅದರ ಪಾಯಿಂಟ್ ಹಾಕಿದರೆ ಜೋಡಿ ಹಳಿ ಎಂದೂ ಸಮಾಂತರಕ್ಕೆ ಬರುವುದಿಲ್ಲ. ಸೆಟ್‌ಟ್ರ್ಯಾಕಿನ ತಿರುವುಗಳು 371, 438, 505 ಮಿ.ಮೀ. ತ್ರಿಜ್ಯದವು. ಜಾಗವಿದ್ದರೆ 438ಕ್ಕಿಂತ ಕೆಳಗೆ ಇಳಿಯಬೇಡಿ.

ಪಾಯಿಂಟ್‌ಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಪೀಕೊ ಪಾಯಿಂಟ್‌ಗಳಲ್ಲಿ ಇನ್ಸುಲ್‌ಫ್ರಾಗ್ ಎಂಬುದರಲ್ಲಿ ಕಂಬಿಗಳು ಕೂಡುವ ಚೂಪಾದ ಜಾಗ ಪ್ಲಾಸ್ಟಿಕ್ಕಿನದು; ಅಲ್ಲಿ ಕರೆಂಟಿಲ್ಲ. ಹಳೆಯ ಸಣ್ಣ ಎಂಜಿನ್‌ಗಳು ಎರಡು ಮೂರು ಗಾಲಿಗಳಿಂದಷ್ಟೇ ಕರೆಂಟ್ ತೆಗೆಯುವುದರಿಂದ ನಿಧಾನವಾಗಿ ಹೋದರೆ ಅಲ್ಲೇ ನಿಲ್ಲುತ್ತವೆ. ಎಲೆಕ್ಟ್ರೋಫ್ರಾಗಿನಲ್ಲಿ ಆ ಜಾಗವೂ ಲೋಹದ್ದು, ಕರೆಂಟ್ ತಪ್ಪುವುದಿಲ್ಲ. ಹಾಗಿದ್ದರೆ ಎಲೆಕ್ಟ್ರೋಫ್ರಾಗೇ ಒಳ್ಳೆಯದಲ್ಲವೇ ಎಂದರೆ, ಹಳೆಯ ಗಾಲಿಗೆ ಅಲ್ಲ. ಅದರ ಎರಡು ನಾಲಿಗೆಗಳೂ, ಅಂದರೆ ದಾರಿ ಬದಲಿಸಲು ಅತ್ತಿತ್ತ ಸರಿಯುವ ಕಂಬಿಗಳೂ, ಒಂದೇ ಧ್ರುವದಲ್ಲಿರುತ್ತವೆ. ತೆರೆದಿರುವ ನಾಲಿಗೆಗೂ ಪಕ್ಕದ ಕಂಬಿಗೂ ನಡುವೆ ಸಣ್ಣ ಸಂದು, ಎರಡಕ್ಕೂ ವಿರುದ್ಧ ಧ್ರುವ. ಒಳ ಅಂತರ ಕಡಿಮೆ ಇರುವ ಲೋಹದ ಗಾಲಿ ಹಾದುಹೋಗುವಾಗ ಅದರ ಬೆನ್ನು ಆ ನಾಲಿಗೆಗೆ ತಾಗಿ ಕ್ಷಣಮಾತ್ರ ಶಾರ್ಟ್ ಆಗುತ್ತದೆ. ಎಂಜಿನ್ ಬೆಚ್ಚಿದಂತೆ ತಡೆದು ಮುಂದೆ ಹೋಗುತ್ತದೆ, ಕಂಟ್ರೋಲರಿನ ಕಟ್‌ಔಟ್ ಆಗಾಗ ಬೀಳುತ್ತದೆ. ಅಳತೆ 14.2ಕ್ಕಿಂತ ಕಡಿಮೆ ಇರುವ ಗಾಲಿಗಳಿದ್ದರೆ ಇನ್ಸುಲ್‌ಫ್ರಾಗನ್ನೇ ತೆಗೆದುಕೊಂಡು, ಅದರ ಮೇಲೆ ಸ್ವಲ್ಪ ವೇಗವಾಗಿ ಓಡಿಸುವುದು ಜಾಣತನ. ಎಲೆಕ್ಟ್ರೋಫ್ರಾಗ್ ಹಾಕಿದರೆ ಚೂಪಿನಿಂದ ಹೊರಡುವ ಎರಡೂ ಒಳ ಕಂಬಿಗಳಿಗೆ ಎಸ್‌ಎಲ್-11 ಪ್ಲಾಸ್ಟಿಕ್ ಜಾಯಿನರ್ ಹಾಕುವುದನ್ನು ಮರೆಯಬೇಡಿ. ಉಳಿದ ಕಡೆ ಎಸ್‌ಎಲ್-10 ಲೋಹದ ಜಾಯಿನರ್.

ಕಾವಲು ಕಂಬಿಗೆ ಗಾಲಿ ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ವ್ಯಾಗನ್ನುಗಳ ಗಾಲಿ ಬದಲಿಸಿ. ಈಗಿನ ಓಓ ಅಚ್ಚು 26 ಮಿ.ಮೀ. ಉದ್ದದ ಚೂಪುತುದಿಯದು. ತೀರಾ ಹಳೆಯ ಟ್ರೈಯಾಂಗ್ ವ್ಯಾಗನ್ನಿನ ಚೌಕಟ್ಟು ಬೇರೆ ಇರಬಹುದು, ಆದ್ದರಿಂದ ಒಂದು ಜೊತೆ ತಂದು ಕೂರಿಸಿ ನೋಡಿದ ಮೇಲೆ ಉಳಿದದ್ದನ್ನು ಕೊಳ್ಳಿ. ಎಂಜಿನ್ನಿನ ಗಾಲಿಗೆ ಮಾತ್ರ ಕೈಹಾಕಬೇಡಿ. ಅಚ್ಚಿನ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ ಗಾಲಿಯನ್ನು ಅರ್ಧ ಮಿ.ಮೀ. ಸರಿಸಲು ಹೋದರೆ ಹಿಡಿತ ಸಡಿಲವಾಗಿ ಗಾಲಿ ತೊನೆಯತೊಡಗುತ್ತದೆ. ಅದರ ಬದಲು ಪ್ಲಾಸ್ಟಿಕ್ ಕಾವಲು ಕಂಬಿಯ ತಾಗುವ ಮುಖವನ್ನು ಸೂಜಿ ಅರದಿಂದ 0.2ರಿಂದ 0.3 ಮಿ.ಮೀ. ತೆಗೆಯಿರಿ. ನಾಲ್ಕು ಸಲ ಉಜ್ಜಿ, ಒಮ್ಮೆ ಓಡಿಸಿ, ಮತ್ತೆ ಉಜ್ಜಿ. ಹೆಚ್ಚು ತೆಗೆದರೆ ಹೊಸ ಗಾಲಿಗಳು ಚೂಪಿಗೆ ಹೋಗಿ ಬಡಿಯುತ್ತವೆ.

ಮೂರನೆಯ ದಾರಿ ಎರಡನ್ನೂ ಬೆಸೆಯುವುದು. ಹಳೆಯ ಸುತ್ತು ಹಾಗೇ ಇರಲಿ, ಯಾರ್ಡ್ ಮಾತ್ರ ಹೊಸ ಹಳಿಯಲ್ಲಿರಲಿ ಎನ್ನುವವರಿಗೆ ಇದು. ಬೆಸೆಯುವ ತುಂಡನ್ನು ಮನೆಯಲ್ಲೇ ಮಾಡಬಹುದು.

ಕೋಡ್ 75 ನೋಡಲು ಚೆಂದ, ನಿಜವಾದ ಹಳಿಯಂತೆ ಕಾಣುತ್ತದೆ. 1970ಕ್ಕಿಂತ ಹಿಂದಿನ ಗಾಲಿಗಳಿಗೆ ಅದು ಬೇಡ.

ಬೆಸೆಯುವ ತುಂಡು ಮಾಡುವ ಬಗೆ

ಬೇಕಾದದ್ದು: ಸೂಪರ್ 4ರ ಒಂದು ನೇರ ತುಂಡು, ಕೋಡ್ 100ರ ಒಂದು ನೇರ ತುಂಡು, ಎಸ್‌ಎಲ್-10 ಜಾಯಿನರ್ ಎರಡು, 150 × 40 ಮಿ.ಮೀ. ಅಳತೆಯ 6 ಮಿ.ಮೀ. ಪ್ಲೈವುಡ್, 40 ವ್ಯಾಟ್ ಬೆಸುಗೆ ಕಡ್ಡಿ, 63/37 ಬೆಸುಗೆ ತಂತಿ, ಸಣ್ಣ ಚಪ್ಪಟೆ ಅರ, ಅರಾಲ್ಡೈಟ್, ಎರಡು ಮೊಸಳೆ ಕ್ಲಿಪ್. ಎತ್ತರ ಸರಿಮಾಡಲು ಹಳೆಯ ಲಗ್ನಪತ್ರಿಕೆಗಳನ್ನು ಎತ್ತಿಡಿ. ಅದಕ್ಕಿಂತ ಒಳ್ಳೆಯ ರಟ್ಟು ಸಿಗುವುದಿಲ್ಲ. ಒತ್ತಿದರೆ ತಗ್ಗುವುದಿಲ್ಲ, ಬೇರೆಬೇರೆ ದಪ್ಪದಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ.

ಎರಡೂ ತುಂಡುಗಳ ಕೂಡುವ ತುದಿಯಿಂದ ಒಂದೆರಡು ಸ್ಲೀಪರ್ ಕತ್ತರಿಸಿ ಕಂಬಿಯ 15 ಮಿ.ಮೀ. ಬರಿದಾಗಿಸಿ. ಕೋಡ್ 100ರ ಕಂಬಿಗೆ ಜಾಯಿನರನ್ನು ಅರ್ಧದವರೆಗೆ ತೂರಿಸಿ. ಉಳಿದರ್ಧವನ್ನು ಪ್ಲೇಯರಿನಿಂದ ಚಪ್ಪಟೆ ಮಾಡಿ. ಎರಡು ಕಂಬಿಗಳ ಎತ್ತರದ ವ್ಯತ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಚಪ್ಪಟೆ ನಾಲಿಗೆಯನ್ನು ಅಷ್ಟೇ ಕೆಳಕ್ಕೆ ಮೆಟ್ಟಿಲಿನಂತೆ ಬಗ್ಗಿಸಿ. ಸೂಪರ್ 4ರ ಕಂಬಿಯ ಬುಡ ಆ ಮೆಟ್ಟಿಲಿನ ಮೇಲೆ ಕೂರುತ್ತದೆ, ಎರಡರ ತಲೆ ಒಂದೇ ಮಟ್ಟಕ್ಕೆ ಬರುತ್ತದೆ. ಕೋಡ್ 100ರ ಸ್ಲೀಪರುಗಳ ಕೆಳಗೆ ಎಷ್ಟು ರಟ್ಟು ಬೇಕೋ ಅಷ್ಟು ತುಂಬಿ.

ಬೆಸುಗೆಗೆ ಮುಂಚೆ ಸೂಪರ್ 4ರ ಕಂಬಿಯ ಬುಡವನ್ನು ಅರದಿಂದ ಹೊಳೆಯುವವರೆಗೆ ಉಜ್ಜಬೇಕು. ಉಕ್ಕಿಗೆ ಸಾಮಾನ್ಯ ರೋಸಿನ್ ಸಾಲದು, ಬೆಸುಗೆ ಮುತ್ತಿನಂತೆ ಉರುಳಿಹೋಗುತ್ತದೆ. ಜಿಂಕ್ ಕ್ಲೋರೈಡಿನ ದ್ರವ ಫ್ಲಕ್ಸ್ ಒಂದು ಹನಿ ಹಾಕಿ ಮೊದಲು ಕಂಬಿಗೂ ನಾಲಿಗೆಗೂ ಪ್ರತ್ಯೇಕವಾಗಿ ಬೆಸುಗೆಯ ತೆಳು ಲೇಪ ಕೊಡಿ. ಆಮೇಲೆ ಎರಡನ್ನೂ ಒತ್ತಿ ಹಿಡಿದು ಮೂರು ನಾಲ್ಕು ಸೆಕೆಂಡು ಕಾಯಿಸಿ. ಮೊಸಳೆ ಕ್ಲಿಪ್‌ಗಳನ್ನು ಪಕ್ಕದ ಸ್ಲೀಪರಿಗೆ ಮುಂಚೆ ಕಂಬಿಗೆ ಕಚ್ಚಿಸಿಟ್ಟರೆ ಬಿಸಿ ಅಲ್ಲಿಗೆ ನಿಲ್ಲುತ್ತದೆ, ಪ್ಲಾಸ್ಟಿಕ್ ಕರಗುವುದಿಲ್ಲ. ಮುಗಿದ ಮೇಲೆ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಲಕ್ಸನ್ನು ಪೂರ್ತಿ ತೊಳೆದು ಒಣಗಿಸಿ. ಹಾಗೇ ಬಿಟ್ಟರೆ ಅದೇ ಜಾಗದಿಂದ ತುಕ್ಕು ಹಬ್ಬುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೂಪರ್ 4ರ ಕಂಬಿಯ ತಲೆ ಅಗಲ. ಎರಡು ಕಂಬಿಗಳ ನಡುಗೆರೆ ಸೇರಿಸಿ ಬೆಸೆದರೆ ಒಳಮೈಯಲ್ಲಿ ಹಲ್ಲು ಉಳಿಯುತ್ತದೆ, ಫ್ಲೇಂಜ್ ಅದಕ್ಕೇ ಬಡಿಯುತ್ತದೆ. ಸೇರಬೇಕಾದದ್ದು ಒಳಮೈಗಳು. ಉಕ್ಕಿನ ಸ್ಕೇಲನ್ನು ಒಳಮೈಗೆ ಒತ್ತಿ ಹಿಡಿದು ಬೆಸೆಯಿರಿ, ಹೊರಗೆ ಎಷ್ಟು ಎದ್ದು ಕಂಡರೂ ಚಿಂತೆಯಿಲ್ಲ. ಕೊನೆಗೆ ತಲೆಯ ಮೇಲೆ ಅರದಿಂದ ಎರಡು ಸಲ ಸವರಿ, ಗೇಜು 16.5 ಇದೆಯೇ ಎಂದು ಮತ್ತೆ ನೋಡಿ, ಪ್ಲೈವುಡ್ಡಿಗೆ ಅರಾಲ್ಡೈಟಿನಲ್ಲಿ ಅಂಟಿಸಿ.

ಈ ತುಂಡನ್ನು ನೇರ ಭಾಗದಲ್ಲೇ ಹಾಕಿ. ತಿರುವಿನ ತುದಿಯಲ್ಲಿ ಅಥವಾ ಪಾಯಿಂಟಿನ ಬಾಯಲ್ಲಿ ಹಾಕಿದರೆ ಬಗ್ಗಿ ಬರುವ ಬೋಗಿ ಅಲ್ಲೇ ಜಿಗಿಯುತ್ತದೆ. ಪಾಯಿಂಟಿನಿಂದ ನಿಮ್ಮ ಅತಿ ಉದ್ದದ ಎಂಜಿನ್ನಿನಷ್ಟಾದರೂ ದೂರವಿರಲಿ.

ಡಬ್ಲೊ ಮೂರು ಕಂಬಿ: ಬದಲಿಸಬೇಡಿ

ಹಾರ್ನ್‌ಬಿ ಡಬ್ಲೊ 1938ರಲ್ಲಿ ಬಂತು, ಎರಡು ಕಂಬಿಯ ಡಬ್ಲೊ 1959ರಲ್ಲಿ. ನಿಮ್ಮದು ಮೊದಲಿನದಾದರೆ ಅದನ್ನು ಎರಡು ಕಂಬಿಗೆ ಪರಿವರ್ತಿಸಲು ಗಾಲಿ, ಅಚ್ಚು, ಕರೆಂಟ್ ತೆಗೆಯುವ ತಗಡು ಎಲ್ಲವನ್ನೂ ಮುಟ್ಟಬೇಕು. ಎಂಜಿನ್ನಿನ ಬೆಲೆಯೂ ಹೋಗುತ್ತದೆ, ಗುಣವೂ ಹೋಗುತ್ತದೆ. ಅದರ ತಗಡಿನ ಹಳಿ ಗಟ್ಟಿ, ರಿಪೇರಿಯೇ ಸುಲಭ.

ತಗಡಿನ ಬುಡ ಎರಡೂ ಹೊರ ಕಂಬಿಗಳಿಗೆ ಕೂಡಿಕೊಂಡಿರುತ್ತದೆ, ನಡುಕಂಬಿ ಮಾತ್ರ ಪ್ರತ್ಯೇಕ. ಪ್ರತಿ ತುಂಡನ್ನೂ ಬಿಚ್ಚಿ, ನಡುಕಂಬಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಆ ತುಂಡಿನ ನಿರೋಧಕ ಹೋಗಿದೆ, ಪಕ್ಕಕ್ಕಿಡಿ. ಇಪ್ಪತ್ತು ತುಂಡುಗಳ ಸುತ್ತಿನಲ್ಲಿ ಒಂದು ಕೆಟ್ಟರೂ ಇಡೀ ಸುತ್ತು ಶಾರ್ಟ್ ಆಗುತ್ತದೆ, ಜೋಡಿಸಿದ ಮೇಲೆ ಹುಡುಕುವುದು ಕಷ್ಟ. ಸುತ್ತು ಜೋಡಿಸಿದ ನಂತರ ಕರೆಂಟ್ ಕೊಡುವ ಜಾಗದಲ್ಲಿ 12 ವೋಲ್ಟ್ ಇದ್ದು, ಎಂಜಿನ್ ಓಡುವಾಗ ಎದುರು ತುದಿಯಲ್ಲಿ 11ಕ್ಕಿಂತ ಕೆಳಗಿಳಿದರೆ ಅಲ್ಲಿಗೆ 0.75 ಚದರ ಮಿ.ಮೀ. ತಂತಿಯಿಂದ ಇನ್ನೊಂದು ಜೋಡಣೆ ಕೊಡಿ. ಹೊಸ ತಿರುವು ಸೇರಿಸುವ ಆಸೆ ಇದ್ದರೆ ಒಂದು ಎಚ್ಚರ: ಡಬ್ಲೊ ತಿರುವಿನ ತ್ರಿಜ್ಯ 15 ಇಂಚು, ಅಂದರೆ 381 ಮಿ.ಮೀ. ಇದು ಸೆಟ್‌ಟ್ರ್ಯಾಕಿನ 371ಕ್ಕೂ ಸೇರದು, 438ಕ್ಕೂ ಸೇರದು.

ಇದೂ ಮೂರು ಕಂಬಿ, ಅದೂ ಮೂರು ಕಂಬಿ ಎಂದು ಡಬ್ಲೊವನ್ನು ಮರ್ಕ್ಲಿನ್ ಹಳಿಯ ಮೇಲೆ ಇಡಬೇಡಿ. ಡಬ್ಲೊ 12 ವೋಲ್ಟ್ ಡಿಸಿಯದು, ಮರ್ಕ್ಲಿನ್ ಎಸಿಯದು. ಎಸಿ ತಾಗಿದ ಡಿಸಿ ಮೋಟಾರ್ ಗುಂಯ್ ಎಂದು ಕಾಯುತ್ತದೆಯೇ ಹೊರತು ತಿರುಗುವುದಿಲ್ಲ.

ಮರ್ಕ್ಲಿನ್: ಅಡಾಪ್ಟರ್ ಕೊಳ್ಳಿ, ಮಾಡಲು ಹೋಗಬೇಡಿ

ಒಂದೇ ಕಂಪನಿಯ ಹಳೆಯದಕ್ಕೂ ಹೊಸದಕ್ಕೂ ಸೇತುವೆ ಸಿದ್ಧವಾಗಿ ಸಿಗುವುದು ಇಲ್ಲಿ. ತಗಡಿನ ಎಂ ಹಳಿ, 1969ರ ಕೆ ಹಳಿ, 1996ರ ಸಿ ಹಳಿ ಮೂರಕ್ಕೂ ನಡುವೆ ಬೊಟ್ಟುಗಳ ಸಾಲಿನಿಂದ ಕರೆಂಟ್, ಮೂರರ ಮೊದಲ ತಿರುವೂ 360 ಮಿ.ಮೀ. ತ್ರಿಜ್ಯದ್ದು. ಎಂ ಮತ್ತು ಸಿ ನಡುವೆ 24951, ಕೆ ಮತ್ತು ಸಿ ನಡುವೆ 24922, ಕೆ ಮತ್ತು ಎಂ ನಡುವೆ 2291 ಸಂಖ್ಯೆಯ ತುಂಡುಗಳು; ಮೂರೂ 180 ಮಿ.ಮೀ. ಉದ್ದ. ಅಡಾಪ್ಟರುಗಳನ್ನು ಜೋಡಿಯಾಗಿ ಲೆಕ್ಕಹಾಕಿ: ಸುತ್ತಿನ ಮಧ್ಯೆ ಹೊಸ ಹಳಿ ಸೇರಿಸಿದರೆ ಒಳಗೆ ಹೋಗಲು ಒಂದು, ಹೊರಬರಲು ಒಂದು ಬೇಕು. ಎಂ ಹಳಿಯ ನೇರ ತುಂಡು 180 ಮಿ.ಮೀ., ಸಿ ಹಳಿಯದು 188.3 ಮತ್ತು 171.7. ಹಳೆಯ ನಕ್ಷೆಯಲ್ಲಿ ತುಂಡಿಗೆ ತುಂಡು ಬದಲಿಸಿದರೆ ಸುತ್ತು ಮುಚ್ಚುವುದಿಲ್ಲ.

ಒಂದಿಷ್ಟು ಎಂ ಹಳಿ ಒಳ್ಳೆಯ ಸ್ಥಿತಿಯಲ್ಲಿದ್ದು ಪಾಯಿಂಟ್‌ಗಳಷ್ಟೇ ಕೆಟ್ಟಿದ್ದರೆ, ಪಾಯಿಂಟ್‌ಗಳಿರುವ ನಿಲ್ದಾಣದ ಭಾಗವನ್ನು ಸಿ ಹಳಿಗೆ ತಿರುಗಿಸಿ ಉಳಿದದ್ದನ್ನು ಹಾಗೇ ಬಿಡುವುದು ಕಡಿಮೆ ಖರ್ಚಿನ ದಾರಿ.

ಲಯನೆಲ್ ಮತ್ತು ಓ ಗೇಜ್

ಅಮೆರಿಕದ ನೆಂಟರ ಪೆಟ್ಟಿಗೆಯಲ್ಲಿ ಬಂದ ಲಯನೆಲ್‌ನಲ್ಲಿ ಎರಡು ಹಳಿಗಳು ಗೊಂದಲ ಹುಟ್ಟಿಸುತ್ತವೆ. ಎರಡರ ಗೇಜೂ ಒಂದೂಕಾಲು ಇಂಚು. ಓ ಹಳಿಯ ಎತ್ತರ 11/16 ಇಂಚು, ಸುಮಾರು 17.5 ಮಿ.ಮೀ. ಓ27 ಹಳಿಯದು 7/16 ಇಂಚು, ಸುಮಾರು 11 ಮಿ.ಮೀ. ಓ ಹಳಿಯ ಪಿನ್ ದಪ್ಪ, ಓ27ರದು ತೆಳು. ಒತ್ತಾಯಿಸಿ ತೂರಿಸಿದರೆ ಕೊಳವೆಯ ಬಾಯಿ ಸೀಳುತ್ತದೆ.

ಬೆರೆಸಲೇಬೇಕಿದ್ದರೆ ಓ27ರ ಕೆಳಗೆ 6 ಮಿ.ಮೀ. ಪ್ಲೈವುಡ್ ಕೊಟ್ಟು, ಉಳಿದ ಕೂದಲಷ್ಟು ವ್ಯತ್ಯಾಸಕ್ಕೆ ರಟ್ಟು ಇಡಿ. ದಪ್ಪ ಪಿನ್ನಿನ ಒಂದು ತುದಿಯನ್ನು ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸುತ್ತಾ ಅರ ಹಿಡಿದರೆ ಎರಡು ನಿಮಿಷದಲ್ಲಿ ಓ27ರ ಅಳತೆಗೆ ಇಳಿಯುತ್ತದೆ. ಅಂಥ ಮೂರು ಪಿನ್ನುಗಳು ಒಂದು ಕೂಡುಜಾಗಕ್ಕೆ. ಹಳೆಯ ಪಿನ್ನನ್ನು ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಅಲ್ಲಾಡಿಸಿದರೆ ಬಾಯಿ ಅಗಲವಾಗುತ್ತದೆ.

ಆದರೂ ನಮ್ಮ ಸಲಹೆ ಬೆರೆಸಬೇಡಿ ಎಂದೇ. ದೊಡ್ಡ ಎಂಜಿನ್‌ಗಳಿದ್ದರೆ ಓ ಹಳಿ. ಓ27ರ ತಿರುವು ಅವಕ್ಕೆ ಇಕ್ಕಟ್ಟು, ಅದರ ಪಾಯಿಂಟಿನ ಮೋಟಾರ್ ಪೆಟ್ಟಿಗೆಗೆ ಉದ್ದ ಬೋಗಿಗಳ ಮೈ ತಾಗುತ್ತದೆ. ಸಣ್ಣ ಎಂಜಿನ್‌ಗಳು, ಚಿಕ್ಕ ಮೇಜು ಇದ್ದರೆ ಓ27. ಹೊಸದನ್ನೇ ಕೊಳ್ಳುವುದಾದರೆ ದಿಬ್ಬದ ಮೇಲಿನ ಫಾಸ್ಟ್‌ಟ್ರ್ಯಾಕ್ ಇದೆ. ಅದನ್ನು ಹಳೆಯ ಓ ಹಳಿಗೆ ಕೂಡಿಸಲು 6-12040 ಸಂಖ್ಯೆಯ ತುಂಡು ಸಿಗುತ್ತದೆ. 1950ರಿಂದ ಬಂದ, ಅಯಸ್ಕಾಂತದ ಹಿಡಿತವಿರುವ ಮ್ಯಾಗ್ನೆಟ್ರಾಕ್ಷನ್ ಎಂಜಿನ್‌ಗಳಿದ್ದರೆ ಕೊಳ್ಳುವ ಮೊದಲು ಕಂಬಿಗೆ ಅಯಸ್ಕಾಂತ ಹಿಡಿಯಿರಿ. ನಿಕಲ್ ಸಿಲ್ವರ್ ಕಂಬಿಯ ಅಟ್ಲಾಸ್ ಹಳಿಗೆ ಅದು ಅಂಟುವುದಿಲ್ಲ, ಎಂಜಿನ್ನಿನ ಹಿಡಿತವೂ ಇರುವುದಿಲ್ಲ.

ಕೀಲಿ ಕೊಡುವ ಹಾರ್ನ್‌ಬಿ ಓ ಗೇಜ್ ಸೆಟ್ಟಿಗೆ ಕರೆಂಟಿನ ಗೋಜಿಲ್ಲ. ತಗಡಿನ ಎರಡು ಕಂಬಿಯ ಹಳಿಯೇ ಸಾಕು. ದೊಡ್ಡ ನಂ. 2 ಎಂಜಿನ್ನಿಗೆ 2 ಅಡಿ ತ್ರಿಜ್ಯದ ತಿರುವು ಬೇಕು, 1 ಅಡಿಯದರಲ್ಲಿ ಅದು ತಿರುಗದು.

ಕರೆಂಟಿನ ವಿಷಯ, ಹಳಿಯಷ್ಟೇ ಮುಖ್ಯ

ಹಳಿ ಸರಿಯಿದ್ದೂ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಲಯನೆಲ್ ಟ್ರಾನ್ಸ್‌ಫಾರ್ಮರ್ 120 ವೋಲ್ಟ್, 60 ಹರ್ಟ್ಸ್‌ನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಕ್ಷಣದಲ್ಲಿ ಮುಗಿಯಿತು. 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಬೇಕು, ಅದೂ ಒಂದೂವರೆ ಪಟ್ಟು ಶಕ್ತಿಯದು: 90 ವ್ಯಾಟಿನ 1033 ಮಾದರಿಯ ಟ್ರಾನ್ಸ್‌ಫಾರ್ಮರಿಗೆ 150 ವಿಎ, 275 ವ್ಯಾಟಿನ ಝಡ್‌ಡಬ್ಲ್ಯೂಗೆ 500 ವಿಎ. ವೋಲ್ಟೇಜ್ ಇಳಿಸಿದರೂ ಆವರ್ತನ 50 ಹರ್ಟ್ಸ್ ಆಗಿಯೇ ಉಳಿಯುತ್ತದೆ. 60ಕ್ಕೆ ಸುತ್ತಿದ ಕಬ್ಬಿಣದ ತಿರುಳು 50ರಲ್ಲಿ ಹೆಚ್ಚು ಕಾಯುತ್ತದೆ. ಅರ್ಧ ಗಂಟೆ ಓಡಿಸಿ ಪ್ಲಗ್ ತೆಗೆದು ಮುಟ್ಟಿ ನೋಡಿ. ಅಂಗೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ. ಲಯನೆಲ್ಲಿನ ಹಳೆಯ ಮೋಟಾರ್ ಡಿಸಿಯಲ್ಲೂ ಓಡುತ್ತದೆ, ಆದರೆ ಅದರ ಸೀಟಿಯ ರಿಲೇ ಡಿಸಿಗೇ ಸ್ಪಂದಿಸುವುದರಿಂದ ಸೀಟಿ ನಿಲ್ಲದೆ ಕೂಗುತ್ತದೆ.

ಮರ್ಕ್ಲಿನ್‌ನ ಹಳೆಯ ಟ್ರಾನ್ಸ್‌ಫಾರ್ಮರ್ 220 ವೋಲ್ಟಿನದು. ದಿಕ್ಕು ಬದಲಿಸಲು ಅದು 24 ವೋಲ್ಟಿನ ಹೊಡೆತ ಕೊಡುತ್ತದೆ, 230ರಲ್ಲಿ ಆ ಹೊಡೆತ ಇನ್ನೂ ಜೋರು. ರಿಲೇ ಇರುವ ಹಳೆಯ ಎಂಜಿನ್ ತಡೆದುಕೊಳ್ಳುತ್ತದೆ, ಡಿಜಿಟಲ್ ಡಿಕೋಡರ್ ಇರುವ ಹೊಸ ಎಂಜಿನ್ ತಡೆಯಲಾರದು. ಹೊಸ ಎಂಜಿನ್ ಹಳಿಯ ಮೇಲಿದ್ದರೆ ಹಳೆಯ ನೀಲಿ ಪೆಟ್ಟಿಗೆಯನ್ನು ಮುಟ್ಟಬೇಡಿ. ಬಟ್ಟೆ ಹೊದಿಕೆಯ ವೈರು, ಬಿರುಕು ಬಿಟ್ಟ ರಬ್ಬರಿನ ವೈರು ಯಾವ ಕಂಪನಿಯದಾದರೂ ಮೊದಲು ಬದಲಿಸಿ. ಮಕ್ಕಳು ಕೈಯಿಡುವ ಮೇಜಿದು. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿಯುವ ಸ್ವಿಚ್) ಇರುವ ಸಾಕೆಟ್ಟಿನಿಂದಲೇ ಕರೆಂಟ್ ತೆಗೆದುಕೊಳ್ಳಿ.

ನಮ್ಮ ಊರಿನ ಹವೆಗೆ ತಕ್ಕಂತೆ

ಸ್ಟೆಪ್‌ಡೌನ್, ಬೆಸುಗೆ ಸಾಮಾನು, ತಂತಿ ಎಸ್.ಪಿ. ರೋಡಿನಲ್ಲಿ, ಪ್ಲೈವುಡ್ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ. ಮೇಜಿಗೆ 12 ಮಿ.ಮೀ. ಪ್ಲೈವುಡ್ ಇರಲಿ, ಎರಡೂ ಬದಿಗೆ ವಾರ್ನಿಷ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಮಳೆಗಾಲದಲ್ಲಿ ಇನ್ನೊಂದು ಬದಿ ತೇವ ಕುಡಿದು ಹಲಗೆ ಬಾಗುತ್ತದೆ, ನಾವು ಕಷ್ಟಪಟ್ಟು ಬೆಸೆದ ಕೂಡುಜಾಗ ಮೊದಲು ಬಾಯ್ಬಿಡುತ್ತದೆ. ನಿಕಲ್ ಸಿಲ್ವರ್ ಕಂಬಿ ಡಿಸೆಂಬರಿನ ಬೆಳಗಿನ 15 ಡಿಗ್ರಿಯಿಂದ ಏಪ್ರಿಲಿನ 35 ಡಿಗ್ರಿಗೆ ಮೀಟರಿಗೆ 0.3 ಮಿ.ಮೀ.ನಷ್ಟು ಹಿಗ್ಗುತ್ತದೆ. ಚಳಿಯಲ್ಲಿ ಹಳಿ ಹಾಕುವುದಾದರೆ ಮೀಟರಿಗೊಂದು ಕೂಡುಜಾಗದಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ.

ತಗಡಿನ ಹಳಿಯನ್ನು ಮರಳುಕಾಗದದಿಂದ ಉಜ್ಜಬೇಡಿ. ತವರದ ಲೇಪ ಹೋದ ಮೇಲೆ ತುಕ್ಕು ಇಮ್ಮಡಿ ವೇಗದಲ್ಲಿ ಬರುತ್ತದೆ. ಉಕ್ಕಿನ ನಾರು ಅದಕ್ಕಿಂತ ಕೆಟ್ಟದ್ದು, ಉದುರಿದ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಂಡು ಒಳಗೇ ಶಾರ್ಟ್ ಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆ, ಹಠಮಾರಿ ಕಲೆಗೆ ಹಸಿರು ಸ್ಕ್ರಬ್ಬರ್, ಅಷ್ಟೇ. ಎತ್ತಿಡುವಾಗ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಕಾಗದ ತೇವ ಹಿಡಿದುಕೊಳ್ಳುತ್ತದೆ.

ಜೋಡಣೆ ಮುಗಿದ ಮೇಲೆ ಎಂಜಿನ್ ಹತ್ತಿಸುವ ಅವಸರ ಬೇಡ. ಮೊದಲು ಒಂದು ಖಾಲಿ ವ್ಯಾಗನ್ನನ್ನು ಬೆರಳಿನಿಂದ ತಳ್ಳುತ್ತಾ ಪ್ರತಿ ಕೂಡುಜಾಗ, ಪ್ರತಿ ಪಾಯಿಂಟನ್ನು ಎರಡೂ ದಿಕ್ಕಿನಲ್ಲಿ ದಾಟಿಸಿ. ನಂತರ ಎಂಜಿನ್ ಒಂದೇ, ಅತಿ ನಿಧಾನ. ಕೊನೆಗೆ ನಾಲ್ಕು ವ್ಯಾಗನ್ ಮುಂದಿಟ್ಟು ಎಂಜಿನ್ನಿನಿಂದ ಹಿಮ್ಮುಖವಾಗಿ ತಳ್ಳಿಸಿ. ಎಳೆಯುವಾಗ ಅಡಗಿದ್ದ ತಪ್ಪುಗಳು ತಳ್ಳುವಾಗ ಹೊರಬೀಳುತ್ತವೆ. ಎಲ್ಲ ವ್ಯಾಗನ್ನುಗಳೂ ಒಂದೇ ಜಾಗದಲ್ಲಿ ಬಿದ್ದರೆ ಅಲ್ಲಿಗೆ ಸ್ಕೇಲು ಮತ್ತು ಅರ ತೆಗೆದುಕೊಂಡು ಹೋಗಿ. ಒಂದೇ ವ್ಯಾಗನ್ ಎಲ್ಲ ಪಾಯಿಂಟಿನಲ್ಲೂ ಬಿದ್ದರೆ ಅದನ್ನು ತಿರುವಿ, ಗಾಲಿಗಳ ನಡುವೆ ವರ್ನಿಯರ್ ಇಡಿ.